ಮೇರಿ ರೋಸ್ ಮ್ಯೂಸಿಯಂ, ಪೋರ್ಟ್ಸ್‌ಮತ್: ಹಡಗಿಗಿಂತ ಅದರೊಳಗಿದ್ದ ಮೂಳೆಗಳಿಗಾಗಿ ಹೋಗಿ

ಐದಕ್ಕೆ ಐದು ಸ್ಟಾರ್ ಕೊಡ್ತಿದೀನಿ, ಆರನೇದು ಇದ್ದಿದ್ರೆ ಅದನ್ನೂ ಕೊಡ್ತಿದ್ದೆ. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಪೋರ್ಟ್ಸ್‌ಮತ್ ಅಂತ ಬಂದರು ಊರು, ಅಲ್ಲಿನ ಹಳೇ ನೌಕಾನೆಲೆ ಆವರಣದಲ್ಲೇ ಈ ಮ್ಯೂಸಿಯಂ ಇರೋದು. ನನ್ನ ತಂಗಿ ಮಗಳು ಪಕ್ಕದ ಸೌತಾಂಪ್ಟನ್‌ನಲ್ಲಿ ಫಿಸಿಯೋಥೆರಪಿ ಓದ್ತಿದಾಳೆ, ಅವಳನ್ನ ನೋಡೋಕೆ ಅಂತ ಹೋಗಿದ್ದೆ, ಅವಳೇ "ಮಾವ, ಶನಿವಾರ ಖಾಲಿ ಇಟ್ಕೋ, ನಮ್ಮ ಕ್ಲಾಸಿನವರೆಲ್ಲ ಹೋಗಿ ಬಂದ ಒಂದು ಜಾಗ ಇದೆ, ನೀನು ನೋಡ್ಲೇಬೇಕು" ಅಂದ್ಳು. ಹಳೇ ಮುಳುಗಿದ ಹಡಗು ಅಂದಾಗ ನಂಗೆ ಅಂಥ ಆಸೆ ಏನೂ ಹುಟ್ಲಿಲ್ಲ, ಮರದ ದಿಮ್ಮಿ, ಫಿರಂಗಿ, ರಾಜನ ಫೋಟೋ ಇರುತ್ತೆ, ಒಂದು ಗಂಟೇಲಿ ಮುಗಿಸ್ಕೊಂಡು ಸಮುದ್ರ ನೋಡೋಕೆ ಹೋಗೋಣ ಅನ್ಕೊಂಡಿದ್ದೆ. ಬೆಳಗ್ಗೆ ಹತ್ತೂವರೆಗೆ ಒಳಗೆ ಹೋದವರು ಹೊರಗೆ ಬಂದಾಗ ನಾಲ್ಕು ಗಂಟೆ ದಾಟಿತ್ತು.

ಕಥೆ ಗೊತ್ತಿಲ್ದೇ ಇರೋರಿಗೆ ಚಿಕ್ಕದಾಗಿ ಹೇಳ್ತೀನಿ. ಎಂಟನೇ ಹೆನ್ರಿ ಪಟ್ಟಕ್ಕೆ ಬಂದ ಹೊಸದ್ರಲ್ಲಿ ಕಟ್ಟಿಸಿದ ಯುದ್ಧನೌಕೆ ಇದು, 1511ರಲ್ಲಿ ನೀರಿಗಿಳೀತು, ಮೂವತ್ತು ವರ್ಷದ ಮೇಲೆ ಕೆಲಸ ಮಾಡ್ತು. 1545ರ ಜುಲೈ 19ಕ್ಕೆ ಫ್ರೆಂಚರ ದೊಡ್ಡ ನೌಕಾಪಡೆ ಬಂದು ಸೊಲೆಂಟ್ ಜಲಸಂಧೀಲಿ ನಿಂತಿತ್ತು, ಅವತ್ತು ಯುದ್ಧದ ಮಧ್ಯೆ, ದಡದಲ್ಲಿ ರಾಜನೇ ನಿಂತು ನೋಡ್ತಿರೋವಾಗ ಹಡಗು ತಿರುಗೋ ಹೊತ್ತಿಗೆ ವಾಲ್ತು, ಗುಂಡು ಹಾರಿಸೋಕೆ ತೆಗೆದಿಟ್ಟಿದ್ದ ಫಿರಂಗಿ ಕಿಂಡಿಗಳಿಂದ ನೀರು ನುಗ್ತು, ಮುಳುಗೇ ಹೋಯ್ತು. ಶತ್ರುಗಳು ಹತ್ತಿ ಬರಬಾರದು ಅಂತ ಡೆಕ್ ಮೇಲೆ ಬಲೆ ಬಿಗಿದಿದ್ರು, ಆ ಬಲೇನೇ ತಮ್ಮೋರನ್ನ ಒಳಗೆ ಹಿಡಿದು ಹಾಕ್ತು, ಹೊರಗೆ ಬರೋಕೆ ದಾರಿ ಇಲ್ಲ. ಸುಮಾರು ಐನೂರು ಜನ ಇದ್ರು ಅಂತಾರೆ, ಉಳಿದೋರು 35ಕ್ಕಿಂತ ಕಡಿಮೆ. ದಡದಿಂದ ಅಷ್ಟೇನೂ ದೂರ ಇಲ್ಲ, ಆಳಾನೂ ಭಾರೀ ಅಲ್ಲ, ಜನ ನೋಡ್ತಾ ನೋಡ್ತಾನೇ ಆಗಿದ್ದು.

ಆಮೇಲೆ ಹಡಗಿನ ಬಲಗಡೆ ಅರ್ಧ ಭಾಗ ಕೆಸರಲ್ಲಿ ಹೂತುಹೋಯ್ತು. ಸಮುದ್ರದ ತಳದ ಸಣ್ಣ ಜೇಡಿಕೆಸರು ಗಾಳಿ ಆಡದ ಹಾಗೆ ಮುಚ್ಚಿಬಿಡುತ್ತಂತೆ, ಮರ ತಿನ್ನೋ ಹುಳಕ್ಕೂ ಬದುಕೋಕಾಗಲ್ಲ, ಹಂಗಾಗಿ ಮೇಲೆ ಉಳಿದಿದ್ದ ಎಡಗಡೆ ಪೂರ್ತಿ ಕರಗಿಹೋಗಿ, ಹೂತಿದ್ದ ಭಾಗ ಮಾತ್ರ ಚರ್ಮದ ಶೂ, ಮರದ ತಟ್ಟೆ, ಬಿಲ್ಲು ಬಾಣ, ಮನುಷ್ಯರ ಸಮೇತ ಉಳ್ಕೊಂಡಿತು. 1971ರಲ್ಲಿ ಜಾಗ ಖಚಿತ ಆಯ್ತು, ಡೈವರ್‌ಗಳು ವರ್ಷಗಟ್ಟಲೆ ನೀರೊಳಗೆ ಅಗೆದು ಒಂದೊಂದೇ ವಸ್ತು ಯಾವ ಕೋಣೇಲಿ ಯಾವ ಮೂಲೇಲಿ ಸಿಕ್ತು ಅಂತ ಬರ್ಕೊಂಡ್ರು, 1982ರ ಅಕ್ಟೋಬರ್ 11ಕ್ಕೆ ಹಡಗನ್ನೇ ಎತ್ತಿದ್ರು. ಸಿಕ್ಕಿದ ವಸ್ತುಗಳು 19,000ಕ್ಕೂ ಮೇಲೆ. ಮನುಷ್ಯರ ಮೂಳೆ ಕಡಿಮೆ ಅಂದ್ರೂ 179 ಜನದ್ದು, ಅದ್ರಲ್ಲಿ 92 ಜನರ ಅಸ್ಥಿಪಂಜರ ಬಹುಪಾಲು ಪೂರ್ತಿ ಜೋಡಿಸೋ ಹಾಗೆ ಸಿಕ್ತು. ಒಂದೇ ದಿನ, ಒಂದೇ ಗಳಿಗೇಲಿ, ಕೆಲಸ ಮಾಡ್ತಿದ್ದ ಹಾಗೇ ಸತ್ತ ಇಷ್ಟು ಜನ. ಸ್ಮಶಾನದಲ್ಲಿ ಸಿಗೋ ಮೂಳೆಗಳು ಕಾಯಿಲೆಯವರದ್ದು, ವಯಸ್ಸಾದವರದ್ದು, ಬೇರೆ ಬೇರೆ ಕಾಲದ್ದು. ಇವ್ರು ಹಂಗಲ್ಲ, ಬೆಳಗ್ಗೆ ಎದ್ದು ಡ್ಯೂಟಿಗೆ ಬಂದವರು.

ಮ್ಯೂಸಿಯಂ ಕಟ್ಟಿರೋ ರೀತಿ ಬಗ್ಗೆ ಹೇಳಲೇಬೇಕು. 2013ರಲ್ಲಿ ತೆರೆದ ಕಟ್ಟಡ, ಒಂದು ಕಡೆ ಹಡಗಿನ ಅರ್ಧ ಹೊಟ್ಟೆ ಹಾಗೇ ನಿಂತಿದೆ, ಅದರ ಎದುರುಗಡೆ ಅದೇ ಮಟ್ಟದಲ್ಲಿ, ಆಯಾ ಡೆಕ್ಕಲ್ಲಿ ಸಿಕ್ಕ ಸಾಮಾನುಗಳನ್ನ ಆಯಾ ಜಾಗಕ್ಕೆ ಸರಿಯಾಗಿ ಇಟ್ಟಿದಾರೆ. ನೀವು ಮಧ್ಯದಲ್ಲಿ ನಡೀತೀರ, ಎಡಕ್ಕೆ ನಿಜವಾದ ಹಡಗು, ಬಲಕ್ಕೆ ಅದರ ಒಳಗಿದ್ದ ಬದುಕು. ಮರ ಒಣಗಿ ಸೀಳಬಾರದು ಅಂತ ಮೊದಲು ವರ್ಷಗಟ್ಟಲೆ ತಣ್ಣೀರು ಸಿಂಪಡಿಸಿ, ಆಮೇಲೆ 1994ರಿಂದ 2013ರವರೆಗೆ ಮೇಣದಂಥ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣ ಸಿಂಪಡಿಸಿ, ಆಮೇಲೆ ಮೆಲ್ಲಗೆ ಒಣಗಿಸಿ, 2016ರಲ್ಲಿ ಮಧ್ಯದ ಗೋಡೆಗಳನ್ನ ತೆಗೆದು ದೊಡ್ಡ ಗಾಜು ಹಾಕಿದ್ರಂತೆ. ಮೇಲಿನ ಮಹಡೀಲಿ ಗಾಜೂ ಇಲ್ಲ, ಡಬಲ್ ಬಾಗಿಲು ದಾಟಿ ಹಡಗಿರೋ ಗಾಳೀಲೇ ನಿಂತ್ಕೋಬಹುದು. ಆಗಾಗ ದೀಪ ಆರಿಸಿ ಹಡಗಿನ ಮೇಲೆ ಬೆಳಕಿನ ಚಿತ್ರ ಬಿಡ್ತಾರೆ, ನಾವಿಕರು ಓಡಾಡೋದು, ಹಗ್ಗ ಎಳೆಯೋದು. ಮಕ್ಕಳು ಉಸಿರು ಬಿಗಿಹಿಡಿದು ನೋಡ್ತವೆ.

ಆದ್ರೆ ನಂಗೆ ಹಿಡಿಸಿದ್ದು ಇನ್ನೊಂದು. ಅಡುಗೆಯವನು, ಬಡಗಿ, ಬಿಲ್ಲುಗಾರ, ಫಿರಂಗಿಯವನು, ಹೀಗೆ ಒಬ್ಬೊಬ್ಬರ ವಿಷಯಾನೂ ಒಂದೊಂದು ಕಡೆ ಇಟ್ಟಿದಾರೆ, ಅವರ ಪೆಟ್ಟಿಗೆ, ಅವರ ಉಪಕರಣ, ಅವರ ತಟ್ಟೆ, ಜೊತೆಗೆ ತಲೆಬುರುಡೆ ಆಧಾರದ ಮೇಲೆ ಮಾಡಿದ ಮುಖ. ಸ್ವೀಡನ್ನಿನ ಆಸ್ಕರ್ ನಿಲ್ಸನ್ ಅಂತ ಈ ಮುಖ ಮಾಡೋ ಕೆಲಸದಲ್ಲಿ ಹೆಸರುವಾಸಿ ಕಲಾವಿದ, ಅವರು ಮಾಡಿದ್ದು. ಹೆಸರು ಒಬ್ಬರದ್ದೂ ಗೊತ್ತಿಲ್ಲ. ಕೆಲಸ ಗೊತ್ತು, ಮುಖ ಗೊತ್ತು.

ಬಿಲ್ಲುಗಾರನ ಹತ್ರ ನಾವು ಮುಕ್ಕಾಲು ಗಂಟೆ ನಿಂತ್ವಿ. ಹಡಗಲ್ಲಿ 172 ಉದ್ದಬಿಲ್ಲು ಸಿಕ್ಕಿವೆ, ಬಾಣಗಳು 3,500ಕ್ಕೂ ಮೇಲೆ, ಯೂ ಅನ್ನೋ ಮರದ್ದು, ಆಳೆತ್ತರದ ಬಿಲ್ಲು. ಅದನ್ನ ಪೂರ್ತಿ ಎಳೆಯೋಕೆ ಬೇಕಾಗೋ ಬಲ 100 ಪೌಂಡಿಂದ 185 ಪೌಂಡ್‌ವರೆಗೂ ಅಂತ ಲೆಕ್ಕ ಹಾಕಿದಾರೆ, ಅಂದ್ರೆ 45 ಕೆಜಿಯಿಂದ 80 ಕೆಜಿ ಮೇಲೆ, ಅದೂ ಒಂದ್ಸಲ ಅಲ್ಲ, ಯುದ್ಧದಲ್ಲಿ ಬಿಡದೆ. ಇದು ದೊಡ್ಡವರಾದ ಮೇಲೆ ಕಲಿಯೋ ವಿದ್ಯೆ ಅಲ್ಲ. ಹೆನ್ರಿ ಕಾಲದ ಕಾನೂನು ಪ್ರಕಾರ ಏಳು ವರ್ಷದ ಮೇಲಿನ ಹುಡುಗ್ರಿಗೆ ಮನೇಲಿ ಒಂದು ಬಿಲ್ಲು ಎರಡು ಬಾಣ ಕೊಡಿಸಲೇಬೇಕಿತ್ತು. ಹಾಗೆ ಮೂಳೆ ಇನ್ನೂ ಬೆಳೀತಿರೋವಾಗಲೇ ದಿನಾ ಎಳೆದು ಎಳೆದು ಏನಾಯ್ತು ಅಂದ್ರೆ, ಭುಜದ ಮೇಲ್ತುದೀಲಿ ಒಂದು ಸಣ್ಣ ಮೂಳೆ ತುಂಡು ಇರುತ್ತೆ, ಎಲ್ಲರಿಗೂ ಇಪ್ಪತ್ತರ ಆಸುಪಾಸಲ್ಲಿ ಅದು ದೊಡ್ಡ ಹಲಗೆ ಮೂಳೆಗೆ ಬೆಸೆದುಕೊಳ್ಳುತ್ತೆ. ಈ ಹಡಗಿನವರಲ್ಲಿ ನೂರಕ್ಕೆ ಸುಮಾರು 12 ಭುಜಮೂಳೆಗಳಲ್ಲಿ ಅದು ಬೆಸೆದೇ ಇಲ್ಲ, ಸಾಮಾನ್ಯ ಜನರಲ್ಲಿ ಇದು ಮೂರರಿಂದ ಆರು ಅಷ್ಟೇ. ಈ ಮೂಳೆಗಳನ್ನ ವರ್ಷಾನುಗಟ್ಟಲೆ ವಿಂಗಡಿಸಿ ಓದಿದವರು ಆನ್ ಸ್ಟರ್ಲೆಂಡ್ ಅನ್ನೋ ಮೂಳೆತಜ್ಞೆ, ಕಾರಣ ಬಿಲ್ಲೇ ಇರಬೇಕು ಅಂತ ಹೇಳಿದ್ದೂ ಅವರೇ. ಕಲಸಿಹೋಗಿದ್ದ ರಾಶೀಲಿ ಈ ಬೆನ್ನುಮೂಳೆ ಆ ಸೊಂಟದ್ದು, ಈ ಕೈ ಆ ಭುಜದ್ದು ಅಂತ ಒಬ್ಬೊಬ್ಬರನ್ನೇ ಜೋಡಿಸಿದ ತಾಳ್ಮೆ ಇದೆಯಲ್ಲ, ಅದಕ್ಕೇ ಒಂದು ನಮಸ್ಕಾರ.

ಬಿಲ್ಲುಗಾರನ ಬೆನ್ನುಮೂಳೇಲಿ ನಡುವಿನ ಎರಡು ಮಣಿ ಒಂದು ಕಡೆ ತಿರುಚಿಕೊಂಡಿವೆ. ಬಲಗೈ ಬೆರಳ ಮೂಳೆಯ ಒಳಮೈಮೇಲೆ ಗೀರು, ಹುರಿ ಎಳೆದು ಎಳೆದು ಬಿದ್ದಿದ್ದು. ಚರ್ಮದ ಮೇಲಿನ ಜಡ್ಡು ಗೊತ್ತು ನಮಗೆಲ್ಲ, ಜಡ್ಡು ಮೂಳೆವರೆಗೂ ಇಳಿಯುತ್ತೆ ಅಂತ ನಂಗೆ ಗೊತ್ತಿರಲಿಲ್ಲ.

ಅಲ್ಲೇ ತಂಗಿ ಮಗಳು ನನ್ನ ತೋಳು ಹಿಡಿದು "ಮಾವ, ಅಜ್ಜನ ಎಕ್ಸ್‌ರೇ ನೆನಪಿದೆಯಾ" ಅಂದ್ಳು.

ನಮ್ಮಪ್ಪ ದಾವಣಗೆರೆ ಎಪಿಎಂಸಿ ಯಾರ್ಡಲ್ಲಿ ಮೂವತ್ತೈದು ವರ್ಷ ಹಮಾಲಿ. ಕ್ವಿಂಟಾಲ್ ಚೀಲ ಬೆನ್ನಿಗೆ ಹೇರ್ಕೊಂಡು ಲಾರಿ ಹಲಗೆ ಹತ್ತೋರು, ಹದಿನಾಲ್ಕನೇ ವಯಸ್ಸಿಗೇ ಶುರು ಮಾಡಿದವರು. ನಲವತ್ತಕ್ಕೆಲ್ಲ ಬೆನ್ನು ಬಾಗ್ತು. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ಬೆನ್ನಿನ ಮಣಿಗಳ ಮೇಲೆ ಕುಳಿ ಕುಳಿ ಬಿದ್ದಿದೆ ನೋಡಿ ಅಂತ ತೋರಿಸಿದ್ದು ನಂಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಅವಳು ಅದಕ್ಕೆ ಹೆಸರು ಹೇಳಿದ್ಳು, ಶ್ಮೋರ್ಲ್ ನೋಡ್ ಅಂತಾರಂತೆ, ಎರಡು ಮಣಿಗಳ ನಡುವಿನ ಮೆತ್ತನೆ ಬಿಲ್ಲೆ ಭಾರಕ್ಕೆ ಒತ್ತಿ ಮೂಳೆಯೊಳಗೇ ಇಳಿದ ಗುರುತು. ಎಲ್ಲರಿಗೂ ಒಂದೋ ಎರಡೋ ಇರಬಹುದು, ಆದ್ರೆ ಭಾರ ಹೊರೋರಿಗೆ ಸಣ್ಣ ವಯಸ್ಸಿಗೇ ಜಾಸ್ತಿ. ಮೇರಿ ರೋಸ್‌ನವರಲ್ಲಿ ಇದು ರಾಶಿ ಸಿಕ್ಕಿದೆ. ಆಮೇಲೆ ಮನೆಗೆ ಬಂದು ಓದ್ದೆ, ಇದೇ ಆನ್ ಸ್ಟರ್ಲೆಂಡ್ ಮತ್ತೆ ಅವರ ಜೊತೆಯವರು ಹಡಗಿನವರ ಬೆನ್ನುಮೂಳೆಗಳನ್ನ ನಾರ್ವಿಚ್ ಊರಿನ ಹಳೇ ಸ್ಮಶಾನದವರ ಬೆನ್ನುಮೂಳೆಗೆ ಹೋಲಿಸಿ ನೋಡಿದ್ರಂತೆ, ಹಡಗಿನ ಹುಡುಗರ ಬೆನ್ನು ಊರಿನ ವಯಸ್ಸಾದವರ ಬೆನ್ನಿನ ಹಾಗೆ ಸವೆದಿತ್ತಂತೆ. ಇಪ್ಪತ್ತರ ಹುಡುಗ, ಐವತ್ತರ ಬೆನ್ನು. ಟನ್‌ಗಟ್ಟಲೆ ತೂಕದ ಫಿರಂಗಿ ಹಿಂದೆ ಎಳೆದು ಗುಂಡು ತುಂಬಿ ಮತ್ತೆ ಮುಂದೆ ತಳ್ಳೋದು, ಪೀಪಾಯಿ ಉರುಳಿಸೋದು, ಲಂಗರು ಎತ್ತೋದು, ನೆನೆದ ಹಾಯಿ ಎಳೆಯೋದು, ಅದೂ ನೆಟ್ಟಗೆ ನಿಲ್ಲೋಕೂ ಆಗದ ತಗ್ಗು ಛಾವಣಿ ಕೆಳಗೆ, ಕಾಲ ಕೆಳಗಿನ ನೆಲ ಸದಾ ಅಲ್ಲಾಡ್ತಿರೋವಾಗ. ಸವೆಯದೇ ಇನ್ನೇನಾಗುತ್ತೆ.

ಈ ರಾಜನ ಬಗ್ಗೆ, ಅವನ ಆರು ಹೆಂಡಿರ ಬಗ್ಗೆ ಎಷ್ಟು ಬರ್ದಿದಾರೆ, ಎಷ್ಟು ತೋರಿಸಿದಾರೆ. ಅವನ ಹಡಗು ಎಳೆದವರ ಬಗ್ಗೆ ಒಂದು ಸಾಲು ಎಲ್ಲೂ ಬರ್ದಿಲ್ಲ, 1546ರ ಸುಮಾರಿಗೆ ಮಾಡಿದ ನೌಕಾಪಡೆಯ ಚಿತ್ರಪಟ್ಟಿ ಒಂದಿದೆ, ಅದರಲ್ಲೂ ಸಿಗೋದು ಬರೀ ಲೆಕ್ಕ, ಸೈನಿಕರು 185, ನಾವಿಕರು 200, ಫಿರಂಗಿಯವರು 30. ಅವರ ಬಗ್ಗೆ ಬರೆದಿಟ್ಟಿದ್ದು ಅವರ ಮೂಳೆ ಒಂದೇ. ಅದನ್ನ ಓದಬಲ್ಲವರು ಸಿಗೋಕೆ ನಾನೂರು ವರ್ಷ ಆಯ್ತು.

ಮಧ್ಯಾಹ್ನ ಅಪ್ಪಂಗೆ ವಿಡಿಯೋ ಕಾಲ್ ಮಾಡಿ ಇದೆಲ್ಲ ಹೇಳ್ದೆ. ಅವರು ಕೇಳಿದ್ದು ಎರಡೇ ಪ್ರಶ್ನೆ. "ಎಷ್ಟು ವಯಸ್ಸೋ ಅವರಿಗೆ?" "ಊಟ ಸರಿ ಕೊಡ್ತಿದ್ರಾ?"

ವಯಸ್ಸು ಹೇಳ್ತೀನಿ. ಹೆಚ್ಚಿನವರು ಹದಿನೆಂಟರಿಂದ ಮೂವತ್ತರ ಒಳಗೆ. ನಲವತ್ತು ದಾಟಿದವರು ಬೆರಳೆಣಿಕೆ. ಹತ್ತು ಹದಿಮೂರು ವರ್ಷದ ಮಕ್ಕಳೂ ಇದ್ರು. ಇದನ್ನ ಹೇಗೆ ಕಂಡುಹಿಡೀತಾರೆ ಅಂದ್ರೆ ಹಲ್ಲು ಎಷ್ಟು ಬಂದಿದೆ, ಉದ್ದ ಮೂಳೆಗಳ ತುದಿ ಬೆಸೆದಿದೆಯಾ, ಕಾಲರ್ ಬೋನ್ ಎದೆಯ ಕಡೆ ತುದಿ ಮುಚ್ಚಿದೆಯಾ ಅಂತ ನೋಡಿ. ಕಾಲರ್ ಬೋನ್ ವಿಚಿತ್ರ ಮೂಳೆ, ತಾಯಿ ಹೊಟ್ಟೇಲಿ ಎಲ್ಲಕ್ಕಿಂತ ಮೊದಲು ಗಟ್ಟಿಯಾಗೋಕೆ ಶುರು ಮಾಡೋದೂ ಅದೇ, ಬೆಳವಣಿಗೆ ಮುಗಿಸೋದ್ರಲ್ಲಿ ಎಲ್ಲಕ್ಕಿಂತ ಕೊನೆಯದೂ ಅದೇ. 2024ರಲ್ಲಿ ಲ್ಯಾಂಕಾಸ್ಟರ್ ಯುನಿವರ್ಸಿಟಿಯವರು ಇದೇ ಹಡಗಿನ 13ರಿಂದ 40 ವಯಸ್ಸಿನ 12 ಜನರ ಕಾಲರ್ ಬೋನ್ ತಗೊಂಡು, ಮೂಳೆಗೆ ಏನೂ ಹಾನಿ ಆಗದ ಹಾಗೆ ಲೇಸರ್ ಬೆಳಕು ಬಿಟ್ಟು ಅದರ ರಸಾಯನ ನೋಡಿದ್ರು. ವಯಸ್ಸಾದ ಹಾಗೆ ಖನಿಜ ಜಾಸ್ತಿ, ಪ್ರೋಟೀನ್ ಕಡಿಮೆ ಆಗ್ತಾ ಹೋಗುತ್ತೆ, ಈ ಬದಲಾವಣೆ ಎಡಕ್ಕಿಂತ ಬಲ ಮೂಳೇಲಿ ಹೆಚ್ಚು. ಬಲಗೈ ಹೆಚ್ಚು ಬಳಸಿದ್ದರ ಗುರುತು ಇರಬಹುದು ಅಂತಾರೆ. ಆ ಕಾಲದಲ್ಲಿ ಎಡಗೈ ಬಳಸೋದನ್ನ ಕೆಟ್ಟ ಲಕ್ಷಣ ಅಂತ ನೋಡ್ತಿದ್ರು, ಹಂಗಾಗಿ ಬಲಗೈ ಒತ್ತಾಯಾನೂ ಇದ್ದಿರಬಹುದು. ನಮ್ಮಲ್ಲೂ ಎಡಗೈಲಿ ಬರೆದ್ರೆ ಬೆರಳಿಗೆ ಹೊಡೀತಿದ್ರಲ್ಲ.

ಇನ್ನು ಊಟ. ಚಿಕ್ಕಂದಿನಲ್ಲಿ ಸರಿ ಸಿಕ್ಕಿಲ್ಲ ಅನ್ನೋದು ಕೆಲವರ ಕಾಲಲ್ಲೇ ಕಾಣುತ್ತೆ, ಬಾಗಿದ ಕಾಲಿನ ಮೂಳೆ, ಅದು ರಿಕೆಟ್ಸ್, ಬಿಸಿಲು ಮತ್ತೆ ವಿಟಮಿನ್ ಡಿ ಕೊರತೆ. ಕೆಲವರಲ್ಲಿ ಸ್ಕರ್ವಿ, ಅಂದ್ರೆ ವಿಟಮಿನ್ ಸಿ ಕೊರತೆಯ ಕಾಯಿಲೆ, ಬಂದು ವಾಸಿಯಾದ ಗುರುತೂ ಇದೆ. ಎತ್ತರ ಸರಾಸರಿ ಐದಡಿ ಏಳಿಂಚು, ಹಳೇ ಕಾಲದವರು ಕುಳ್ಳರು ಅಂತ ನಾವು ಅನ್ಕೊಳ್ಳೋದು ಸುಳ್ಳು. ಹಡಗಿಗೆ ಸೇರಿದ ಮೇಲೆ ಹೊಟ್ಟೆಗೆ ಕಡಿಮೆ ಇರಲಿಲ್ಲ, ಒಣ ಬಿಸ್ಕತ್ತು, ಉಪ್ಪು ಹಾಕಿದ ದನದ ಮಾಂಸ, ಹಂದಿ ಮಾಂಸ, ಮೀನು, ದಿನಕ್ಕೆ ತಲೆಗೊಂದು ಗ್ಯಾಲನ್ ತೆಳು ಬಿಯರ್, ಅಂದ್ರೆ ನಾಲ್ಕೂವರೆ ಲೀಟರ್ ಹತ್ರ, ಯಾಕಂದ್ರೆ ಪೀಪಾಯಿ ನೀರು ಬೇಗ ಕೆಡ್ತಿತ್ತು. ಮಾಂಸದ ಮೂಳೆಗಳು ಪೀಪಾಯಿಲೇ ಸಿಕ್ಕಿವೆ. ಕಾಡ್ ಮೀನಿನ ಮೂಳೆ ಪರೀಕ್ಷೆ ಮಾಡಿದ್ರೆ ಕೆಲವು ಮೀನು ಹತ್ತಿರದ ಸಮುದ್ರದ್ದೇ ಅಲ್ಲ, ಐಸ್‌ಲ್ಯಾಂಡ್ ಕಡೆ ದೂರದ ತಣ್ಣೀರಿನದ್ದು ಅಂತ ಗೊತ್ತಾಯ್ತಂತೆ. ಅಡುಗೆ ಹಡಗಿನ ತಳದಲ್ಲಿ, ಇಟ್ಟಿಗೆ ಒಲೆ ಮೇಲೆ ದೊಡ್ಡ ದೊಡ್ಡ ಕೊಪ್ಪರಿಗೆ. ಬಡಗಿಯ ದವಡೆ ಕಥೆ ಓದಿ ನಂಗೆ ಹಲ್ಲು ಜುಮ್ಮಂತು, ಮೇಲ್ದವಡೆ ಒಂದು ಕಡೆ ಕೀವುಗಟ್ಟಿ ಮೂಳೇಲೇ ಗುಳಿ ಬಿದ್ದು, ಪಾಪ ಇನ್ನೊಂದೇ ಕಡೆ ಅಗೀತಿದ್ದಿರಬೇಕು. ಕಲ್ಲಿನಂಥ ಬಿಸ್ಕತ್ತನ್ನ.

ಮೆಣಸಿನ ಕಾಳೂ ಸಿಕ್ಕಿವೆ. ನಾಲ್ಕು ನೂರಕ್ಕೂ ಹೆಚ್ಚು ವರ್ಷ ಸಮುದ್ರದಡಿ ಇದ್ದ ಕರಿಮೆಣಸು. ಆ ಕಾಲಕ್ಕೆ ಯುರೋಪಿಗೆ ಕರಿಮೆಣಸು ಹೋಗ್ತಿದ್ದಿದ್ದು ನಮ್ಮ ಪಶ್ಚಿಮ ಕರಾವಳಿ, ಸುಮಾತ್ರ ಈ ಕಡೆಯಿಂದ. ಗಾಜಿನ ಮುಂದೆ ನಿಂತು, ಮಲಬಾರಲ್ಲೋ ನಮ್ಮ ಗೇರುಸೊಪ್ಪೆ ಕಡೆ ಘಟ್ಟದಲ್ಲೋ ಯಾರೋ ಬಳ್ಳಿ ಹತ್ತಿ ಕಿತ್ತಿದ್ದಿರಬಹುದಲ್ಲ ಇದನ್ನ ಅಂತ ತುಂಬಾ ಹೊತ್ತು ಯೋಚನೆ ಮಾಡ್ದೆ.

ಇವರೆಲ್ಲ ಎಲ್ಲಿಯವರು ಅನ್ನೋ ಪ್ರಶ್ನೆ ಇದೆಯಲ್ಲ, ಇದರಲ್ಲಿ ವಿಜ್ಞಾನಿಗಳೇ ಜಗಳ ಆಡಿದಾರೆ. ಹಲ್ಲಿನ ಎನಾಮಲ್ ಚಿಕ್ಕಂದಿನಲ್ಲಿ ಒಂದ್ಸಲ ಆದ್ರೆ ಮತ್ತೆ ಬದಲಾಗಲ್ಲ, ಆಗ ಕುಡಿದ ನೀರಿನ ಆಮ್ಲಜನಕ, ತಿಂದ ಬೆಳೆ ಬೆಳೆದ ಮಣ್ಣಿನ ಸ್ಟ್ರಾಂಷಿಯಂ, ಅದರ ಗುರುತು ಹಲ್ಲಲ್ಲಿ ಕೂತಿರುತ್ತೆ. ಇದನ್ನ ಅಳೆದು ಮೊದಲು ಒಂದು ತಂಡ ಅರ್ಧಕ್ಕಿಂತ ಹೆಚ್ಚು ಜನ ದಕ್ಷಿಣ ಯುರೋಪಿನವರು, ಭಾಷೆ ಬರದೆ ಆಜ್ಞೆ ಅರ್ಥ ಆಗದೆ ಹಡಗು ಮುಳುಗ್ತು ಅಂದಿತ್ತು. ಇನ್ನೊಬ್ಬರು 2010ರಲ್ಲಿ, ಇಲ್ಲ, ಲೆಕ್ಕ ತಪ್ಪಿದೆ, ಬ್ರಿಟನ್ನಿನವರೇ ಅಂದ್ರೂ ಈ ಅಂಕಿ ಹೊಂದುತ್ತೆ ಅಂತ ಬರೆದ್ರು. ನಂಗಂತೂ ಆ ಭಾಷೆ ಗೊತ್ತಿಲ್ಲದ ಕೆಲಸದವರು ಹಡಗು ಮುಳುಗಿಸಿದ್ರು ಅನ್ನೋ ಮಾತು ಒಪ್ಪಿಗೆ ಆಗಲ್ಲ. ಎಪಿಎಂಸೀಲಿ ತಮಿಳು, ತೆಲುಗು, ಉರ್ದು, ಕನ್ನಡದವರು ಒಂದೇ ಲಾರಿ ಇಳಿಸ್ತಿದ್ರು, "ಹೂಂ" ಅಂದ್ರೆ ಸಾಕು ಚೀಲ ಏಳೋದು. ಕೆಲಸದ ಭಾಷೆ ಕಲಿಯೋಕೆ ಒಂದು ವಾರ ಬೇಕಾಗಲ್ಲ.

2021ರಲ್ಲಿ ಕಾರ್ಡಿಫ್ ಯುನಿವರ್ಸಿಟಿಯವರು ಎಂಟು ಜನರನ್ನ ಮಾತ್ರ ತಗೊಂಡು ಇನ್ನೂ ಹೆಚ್ಚು ಬಗೆಯ ಅಳತೆ ಮಾಡಿ ನೋಡಿದ್ರು, ಅದು ನಂಗೆ ನಂಬಿಕೆ ಬರೋ ಹಾಗಿದೆ. ಐದು ಜನ ಬ್ರಿಟನ್ನಿನ ಪಶ್ಚಿಮ ಭಾಗದವರು, ಮೂವರು ಬಿಸಿಲು ಹೆಚ್ಚಿರೋ ಕಡೆಯವರು ಇರಬಹುದು, ದಕ್ಷಿಣ ಯುರೋಪ್ ಕರಾವಳಿ, ಸ್ಪೇನ್, ಉತ್ತರ ಆಫ್ರಿಕಾ ಆ ಕಡೆ. ಹೆನ್ರಿ ಅಂತ ಮ್ಯೂಸಿಯಂನವರು ಹೆಸರಿಟ್ಟಿರೋ ಹದಿಹರೆಯದ ಹುಡುಗ ಒಬ್ಬ, ಅವನ ಡಿಎನ್‌ಎ ಉತ್ತರ ಆಫ್ರಿಕಾ ಕಡೆ ತೋರಿಸುತ್ತೆ, ಹಲ್ಲು ಮಾತ್ರ ಅವನು ಬೆಳೆದಿದ್ದು ಬ್ರಿಟನ್ನಲ್ಲೇ ಅನ್ನುತ್ತೆ. ಎಂಟನೇ ಹೆನ್ರಿ ನೌಕಾಪಡೇಲಿ ಆಫ್ರಿಕಾ ಮೂಲದವರಿದ್ರು ಅನ್ನೋಕೆ ಮೂಳೆಯಿಂದಲೇ ಸಿಕ್ಕ ಸಾಕ್ಷಿ ಇದು. ಇನ್ನೊಂದು ಗೊತ್ತಾ, ಹಡಗು ಮುಳುಗಿದ ಮೇಲೆ ಅದರ ಫಿರಂಗಿ ಎತ್ತೋಕೆ ಅಂತ ವೆನಿಸ್ ಮೂಲದವನೊಬ್ಬ ಮುಳುಗುಗಾರರ ತಂಡ ತಂದಿದ್ದ, ಅದರ ಮುಖ್ಯ ಮುಳುಗುಗಾರ ಜಾಕ್ ಫ್ರಾನ್ಸಿಸ್, ಪಶ್ಚಿಮ ಆಫ್ರಿಕಾದ ಗಿನಿ ಕಡೆಯವನು. 1548ರಲ್ಲಿ ಇಂಗ್ಲೆಂಡಿನ ಕೋರ್ಟಲ್ಲಿ ನಿಂತು ಸಾಕ್ಷಿ ಹೇಳಿದ, ಎದುರು ಕಡೆಯವರು ಇವನು ಗುಲಾಮ, ಇವನ ಮಾತು ಲೆಕ್ಕಕ್ಕಿಲ್ಲ ಅಂತ ವಾದ ಮಾಡಿದ್ರೂ ಕೋರ್ಟು ಅವನ ಮಾತು ದಾಖಲು ಮಾಡ್ಕೊಳ್ತು. ಈ ಮನುಷ್ಯನ ಕಥೆ ಶಾಲೆ ಪುಸ್ತಕದಲ್ಲಿ ಇರಬೇಕಿತ್ತು ಅನ್ಸುತ್ತೆ ನಂಗೆ.

ಮಕ್ಕಳನ್ನ ಕರ್ಕೊಂಡು ಹೋಗೋರಿಗೆ, ಹ್ಯಾಚ್ ಇದೆ ಅಲ್ಲಿ, ಹಡಗಿನ ನಾಯಿ. ಬಡಗಿಯ ಕೋಣೆ ಬಾಗಿಲ ಹತ್ರ ಸಿಕ್ಕಿದ್ದು, ಒಂದೂವರೆ ಎರಡು ವರ್ಷದ ಮರಿ, ಇಲಿ ಹಿಡಿಯೋಕೆ ಸಾಕಿದ್ದಿರಬೇಕು. ಮೊದಲು ಹೆಣ್ಣು ಅನ್ಕೊಂಡಿದ್ರು, ಡಿಎನ್‌ಎ ನೋಡಿದ ಮೇಲೆ ಗಂಡು, ಕಂದು ಬಣ್ಣ ಅಂತ ಗೊತ್ತಾಯ್ತು. ಅದರ ಪೂರ್ತಿ ಅಸ್ಥಿಪಂಜರ ಇದೆ, ಚಿಕ್ಕ ಮಕ್ಕಳು ಅಲ್ಲಿಂದ ಕದಲಲ್ಲ. ಹೇನು ಬಾಚಣಿಗೆಗಳು ಎಂಬತ್ತಕ್ಕೂ ಮೇಲೆ ಸಿಕ್ಕಿವೆ, ಕೆಲವದರ ಹಲ್ಲಿನ ನಡುವೆ ಸೀರು ಹಾಗೇ ಇದೆ. ಕ್ಷೌರಿಕ-ವೈದ್ಯನ ಪೆಟ್ಟಿಗೆ ನೋಡಿ, 64 ಸಾಮಾನು, ಮುಲಾಮಿನ ಡಬ್ಬೀಲಿ ಅವನು ಬೆರಳಿಂದ ತೆಗೆದ ಗೆರೆ ಇನ್ನೂ ಇದೆ. ಆ ಬೆರಳಿನ ಗುರುತು ನೋಡಿದಾಗ ತಂಗಿ ಮಗಳು ಸುಮ್ಮನಾಗಿಬಿಟ್ಳು. ಅವಳೂ ನಾಳೆ ಅದೇ ಕೆಲಸದವಳು ತಾನೇ, ಸವೆದ ಬೆನ್ನಿಗೆ ಭುಜಕ್ಕೆ ಕೈ ಹಾಕೋದು.

ಸತ್ತವರ ಮೂಳೆ ಹೀಗೆ ಗಾಜಲ್ಲಿಟ್ಟು ಟಿಕೆಟ್ ಹಾಕಿ ತೋರಿಸೋದು ಸರಿಯಾ ಅಂತ ನಂಗೂ ಒಳಗೆ ಕುಟುಕ್ತಿತ್ತು. ನಮ್ಮ ಮನೇಲಿ ಸಂಸ್ಕಾರ ಆಗದ ದೇಹ ಅಂದ್ರೆ ಅಜ್ಜಿ ನಿದ್ದೆ ಮಾಡ್ತಿರಲಿಲ್ಲ. ಇವರೂ ದೇವರನ್ನ ನಂಬಿದವರೇ, ಜಪಮಾಲೆ ಮಣಿಗಳು ಸಿಕ್ಕಿವೆ ಅವರ ಹತ್ರ. ಅದಕ್ಕೇ ಆಮೇಲೆ ನಾವು ಹಳೇ ಪೋರ್ಟ್ಸ್‌ಮತ್ ಕಡೆ ನಡ್ಕೊಂಡು ಹೋಗಿ ಕೆಥೆಡ್ರಲ್ ನೋಡಿ ಬಂದ್ವಿ. 1984ರಲ್ಲಿ ಎಲ್ಲರ ಪರವಾಗಿ ಒಬ್ಬ ನಾವಿಕನನ್ನ ಅಲ್ಲಿ ಮಣ್ಣು ಮಾಡಿದಾರೆ, ಅವರ ಕಾಲದಲ್ಲಿದ್ದ ಪದ್ಧತಿ ಪ್ರಕಾರಾನೇ ಪೂಜೆ ಮಾಡಿಸಿ. ನೆಲದಲ್ಲಿ ಕಲ್ಲು, ಹೆಸರಿಲ್ಲ. ಅಲ್ಲಿ ನಿಂತಾಗ ನಂಗೆ ಸ್ವಲ್ಪ ಸಮಾಧಾನ ಆಯ್ತು. ಮ್ಯೂಸಿಯಂ ಒಳಗೂ ಇದನ್ನ ಭಯ ಹುಟ್ಸೋಕೆ, ಮೋಜಿಗೆ ಅಂತ ಇಟ್ಟಿಲ್ಲ, ಬೆಳಕು ಮಂದ, ಜನ ತಾವಾಗೇ ದನಿ ಇಳಿಸ್ತಾರೆ. ಬಿಲ್ಲುಗಾರನ ಮೂಳೆ ನೋಡದೆ ಇದ್ರೆ ಅವನ ಬೆನ್ನಿನ ಕಷ್ಟ ನಂಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ. ಹಾಗಾಗಿ ಸದ್ಯಕ್ಕೆ ನಾನು ಇಡಬಹುದು ಅನ್ನೋ ಪಕ್ಷ. ನೀವು ಬೇರೆ ಥರ ಯೋಚ್ನೆ ಮಾಡಿದ್ರೆ ಅದನ್ನೂ ಒಪ್ಪೋಕಾಗುತ್ತೆ.

ಹೋಗೋರಿಗೆ ಒಂದೆರಡು ಮಾತು. ಲಂಡನ್ನಿನ ವಾಟರ್ಲೂ ಸ್ಟೇಷನ್ನಿಂದ ಪೋರ್ಟ್ಸ್‌ಮತ್ ಹಾರ್ಬರ್‌ಗೆ ನೇರ ರೈಲಿದೆ, ಇಳಿದು ಕೆಲವೇ ನಿಮಿಷ ನಡೆದ್ರೆ ಡಾಕ್‌ಯಾರ್ಡ್ ಗೇಟು. ಟಿಕೆಟ್ ಆನ್‌ಲೈನಲ್ಲೇ ಮಾಡ್ಕೊಳ್ಳಿ, ಅದೇ ಆವರಣದಲ್ಲಿ ವಿಕ್ಟರಿ, ವಾರಿಯರ್ ಅಂತ ಇನ್ನೂ ದೊಡ್ಡ ದೊಡ್ಡ ಹಡಗುಗಳಿವೆ, ಎಲ್ಲ ಒಂದೇ ದಿನ ಮುಗಿಸ್ತೀನಿ ಅಂತ ಹೊರಟ್ರೆ ಮೇರಿ ರೋಸ್‌ಗೆ ಅನ್ಯಾಯ ಆಗುತ್ತೆ. ಇದೊಂದಕ್ಕೇ ಕಡಿಮೆ ಅಂದ್ರೂ ಮೂರು ಗಂಟೆ ಇಡಿ. ಮರ, ಚರ್ಮ ಹಾಳಾಗಬಾರದು ಅಂತ ಬೆಳಕು ಕಡಿಮೆ ಇಟ್ಟಿರ್ತಾರೆ, ಓದೋ ಕನ್ನಡಕ ಮರೀಬೇಡಿ, ನಾನು ಮರೆತು ಅರ್ಧ ಬೋರ್ಡು ಅವಳ ಕೈಲೇ ಓದಿಸ್ಕೊಂಡೆ. ಒಳಗೆ ತಂಪು, ತೆಳ್ಳಗಿನ ಸ್ವೆಟರ್ ಸಾಕು. ಸಸ್ಯಾಹಾರಿಗಳು ಚಿತ್ರಾನ್ನನೋ ಚಪಾತಿನೋ ಕಟ್ಕೊಂಡು ಹೋದ್ರೆ ಒಳ್ಳೇದು, ಹೊರಗೆ ಸಮುದ್ರದ ಎದುರು ಕೂತು ತಿನ್ನಬಹುದು.

ಮುಂದಿನ ಬೇಸಿಗೆಗೆ ಸ್ಟಾಕ್‌ಹೋಮಿನ ವಾಸಾ ಹಡಗು ನೋಡೋಣ ಅಂತ ಅವಳು ಈಗಲೇ ಶುರು ಮಾಡಿದಾಳೆ, ಅದು 1628ರಲ್ಲಿ ಮೊದಲ ಪ್ರಯಾಣದಲ್ಲೇ ಮುಳುಗಿದ್ದು, ಅದರಲ್ಲಿ ಸಿಕ್ಕ ಒಬ್ಬರನ್ನ ವರ್ಷಗಟ್ಟಲೆ ಗಂಡಸು ಅಂತ ಕರೀತಿದ್ದು 2023ರಲ್ಲಿ ಡಿಎನ್‌ಎ ನೋಡಿ ಹೆಂಗಸು ಅಂತ ಗೊತ್ತಾಯ್ತಂತೆ. ನಾನು ಹೂಂ ಅಂದಿದೀನಿ. ಊರಿಗೆ ಬಂದ ಮೇಲೆ ಅಪ್ಪಂಗೆ ಬಿಲ್ಲುಗಾರನ ಬೆನ್ನುಮೂಳೆ ಫೋಟೋ ತೋರಿಸ್ದೆ. ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿದ್ರು, ಬೆರಳಿಟ್ಟು ತಿರುಚಿದ ಮಣಿ ಹುಡುಕಿದ್ರು, ಆಮೇಲೆ "ಇವನಿಗೆ ಎಡಗಡೆ ಮಲಗೋಕೆ ಆಗ್ತಿರಲಿಲ್ಲ" ಅಂದ್ರು.